ವೀಕೆಂಡ್ ಊರಿನಿಂದ ಲಿಸ್ಬನ್‌ಗೆ ಹೊರಟವಳಿಗೆ

ಶನಿವಾರ ಹತ್ತು ಗಂಟೆಯ ಮೇಲೆ ಮಡಿಕೇರಿ ಪೇಟೆಯಲ್ಲಿ ಕೆಲಸ ಇಟ್ಟುಕೊಳ್ಳಲು ನಮ್ಮ ಕಡೆಯವರು ಹಿಂದೆ ಮುಂದೆ ನೋಡುತ್ತಾರೆ. ಬ್ಯಾಂಕು, ಗೊಬ್ಬರ, ಅವ್ವನ ಮಾತ್ರೆ, ಏನಿದ್ದರೂ ಶುಕ್ರವಾರ ಸಂತೆಯ ದಿನವೇ ಮುಗಿಸಿಬಿಡುತ್ತೇವೆ. ಶನಿವಾರ ಪೇಟೆ ಬೆಂಗಳೂರಿನವರದ್ದು. ನಸುಕಿಗೇ ಹೊರಟ ಕಾರುಗಳು ಕುಶಾಲನಗರ, ಸುಂಟಿಕೊಪ್ಪ ದಾಟಿ ಮೇಲೆ ಬರುವಷ್ಟರಲ್ಲಿ ಉದ್ದದ ಸಾಲಾಗಿರುತ್ತವೆ. ಅಬ್ಬಿ ಫಾಲ್ಸ್ ರಸ್ತೆ ಮೊದಲೇ ಸಪೂರ. ಎರಡು ದೊಡ್ಡ ಗಾಡಿ ಎದುರಾದರೆ ಅಲ್ಲಿಗೆ ಮುಗೀತು. ಅಲ್ಲಿಂದ ರಾಜಾಸೀಟು, ಮಾಂದಲ್‌ಪಟ್ಟಿ ಜೀಪು, ಮಾರನೇ ದಿನ ದುಬಾರೆ ಆನೆ. ಭಾನುವಾರ ಮಧ್ಯಾಹ್ನ ಅದೇ ಸಾಲು ತಿರುಗಿ ಕೆಳಗೆ ಇಳಿಯುತ್ತದೆ.

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಜೀಪು ಓಡಿಸುವವರು, ಹೋಂಸ್ಟೇ ನಡೆಸುವವರು, ಜೇನು, ಏಲಕ್ಕಿ, ಕಾಫಿಪುಡಿ ಮಾರುವವರು, ಎಷ್ಟೋ ಮನೆಗಳ ಒಲೆ ಈ ಎರಡು ದಿನದಿಂದಲೇ ಉರಿಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಮೇಲೆ ಕೆಲವು ಕಾಲ ಪ್ರವಾಸಿಗರು ಬರುವುದೇ ನಿಂತಿತ್ತು. ಆಗ ಬಾಗಿಲು ಹಾಕಿದ ಅಂಗಡಿಗಳನ್ನು ನೋಡಿದವರಿಗೆ ಈ ಕಾರುಗಳ ಬೆಲೆ ಗೊತ್ತು. ಆದರೆ ಎಲ್ಲರೂ ಒಂದೇ ಹೊತ್ತಿಗೆ, ಅದೇ ನಾಲ್ಕು ಜಾಗಕ್ಕೆ ಬಂದು ಬೀಳುವುದರಿಂದ ಬಂದವರಿಗೂ ಸುಖ ಇಲ್ಲ, ಇದ್ದವರಿಗೂ ಇಲ್ಲ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಬುಧವಾರ ಹೋದರೆ ಒಬ್ಬರೂ ಇಲ್ಲದ ಬೆಟ್ಟದ ಬುಡಗಳು, ಹೊಳೆಯ ಬದಿಗಳು ಎಷ್ಟೋ ಇವೆ. ಅಲ್ಲಿನ ಹೋಂಸ್ಟೇಗಳು ವಾರವಿಡೀ ಖಾಲಿ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ನನ್ನ ಚಿಕ್ಕಪ್ಪನ ಮಗಳು ಲಿಸ್ಬನ್‌ಗೆ ಹೊರಟಿದ್ದಾಳೆ. ಕೆಲಸ ಬೆಂಗಳೂರಿನ ಕಂಪನಿಯದ್ದೇ. ಮಾಡುವುದು ಮಾತ್ರ ಪೋರ್ಚುಗಲ್ಲಿನಲ್ಲಿ ಕೂತು. ನಾನೂ ಕೆಲವು ಕಾಲ ಅದೇ ಊರಿನಲ್ಲಿ ಹಾಗೇ ಇದ್ದವಳು. ಈಗ ಚೇರಂಬಾಣೆಯ ಹತ್ತಿರ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಮೊನ್ನೆ ಅವಳು ಜಗಲಿಯಲ್ಲಿ ಕೂತು ಫೋನು ತೆಗೆದಳು. ಅದರಲ್ಲಿ ಉದ್ದದ ಪಟ್ಟಿ. ಲಿಸ್ಬನ್‌ನಿಂದ ಶನಿವಾರ ಭಾನುವಾರ ಹೋಗಿ ಬರಬಹುದಾದ ಊರುಗಳು.

"ಅಕ್ಕ, ವಾರಕ್ಕೊಂದು ಅಂದ್ರೆ ಆರು ತಿಂಗಳಲ್ಲಿ ಮುಗಿಯುತ್ತೆ, ಅಲ್ವಾ?"

"ಮುಗಿಸೋಕೆ ಯಾಕೆ ಹೋಗ್ತೀಯ?" ಅಂದೆ.

"ಮತ್ತೆ? ಹೋದಲ್ಲಿ ಸುಮ್ನೆ ರೂಮಲ್ಲಿ ಕೂರಲಾ? ನೀನೇ ಹೇಳು ಹಾಗಾದ್ರೆ."

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವಾಗ ಮರೆತದ್ದನ್ನೂ ಸೇರಿಸಿದ್ದೇನೆ. ಹೀಗೆ ಹೊರಡುವವರು ನಮ್ಮಲ್ಲಿ ಈಗ ಜಾಸ್ತಿ ಆಗುತ್ತಿದ್ದಾರೆ. ಅವರಿಗೂ ಬೇಕಾದೀತು.

ಶನಿವಾರ ಭಾನುವಾರದ ಪ್ರವಾಸ ಹುಟ್ಟಿದ್ದು ಆಫೀಸಿಗೆ ಕಟ್ಟಿಬಿದ್ದವರಿಂದ. ಸೋಮವಾರ ಕುರ್ಚಿಯಲ್ಲಿ ಕೂರಲೇಬೇಕಾದವರು ಶನಿವಾರವೇ ಹೊರಡಬೇಕು. ಅವರಿಗೆ ಬೇರೆ ದಾರಿ ಇಲ್ಲ. ಲ್ಯಾಪ್‌ಟಾಪ್ ಹಿಡಿದು ದೇಶ ಬಿಟ್ಟು ಹೋದವರಿಗೆ ಆ ಕಟ್ಟು ಅರ್ಧ ಬಿಚ್ಚಿರುತ್ತದೆ. ಸಿಕ್ಕ ಆ ಬಿಡುವನ್ನು ನಾವು ಹೋಗುವ ಊರಿನವರಿಗೂ ಅನುಕೂಲ ಆಗುವ ಹಾಗೆ ಬಳಸಬೇಕು. ಕೊಡಗಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಆ ಕಾರಿನ ಸಾಲಿನ ಈ ಕಡೆ ನಿಂತು ಬೆಳೆದವರು.

ಮೊದಲು ಕಾಗದ ಪತ್ರದ ಮಾತು, ಬೇಗ ಮುಗಿಸುತ್ತೇನೆ. ಬೇರೆ ದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಪೋರ್ಚುಗಲ್ 2022ರ ಅಕ್ಟೋಬರ್ ಕೊನೆಯಿಂದ ಡಿ8 ಅನ್ನುವ ವೀಸಾ ಕೊಡುತ್ತಿದೆ. ಅಲ್ಲಿನ ಕನಿಷ್ಠ ಸಂಬಳದ ನಾಲ್ಕು ಪಟ್ಟು ನಿಮ್ಮ ತಿಂಗಳ ಆದಾಯ ಇರಬೇಕು. 2025ರಲ್ಲಿ ಕನಿಷ್ಠ ಸಂಬಳ 870 ಯೂರೋ ಇತ್ತು. ಹಾಗಾಗಿ ಆ ವರ್ಷ ಬೇಕಿದ್ದದ್ದು 3480 ಯೂರೋ, ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗೂ ಮೇಲೆ. ಕಡಿಮೆ ಮೊತ್ತ ಅಲ್ಲ. ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಜಾಸ್ತಿ ಅಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ಅಲ್ಲಿಯವರೇ ಆಗುತ್ತೀರಿ. ಹೊರಡುವ ಮೊದಲೇ ಎರಡೂ ದೇಶದ ಲೆಕ್ಕ ಗೊತ್ತಿರುವ ಆಡಿಟರ್ ಹತ್ತಿರ ಕೂತು ಮಾತಾಡಿ. ಅಷ್ಟೇ.

ಇನ್ನು ಗಡಿಯಾರದ ಮಾತು. ಇದು ನನಗೆ ತುಂಬಾ ಇಷ್ಟದ ವಿಷಯ.

ಬೇಸಿಗೆಯಲ್ಲಿ ಲಿಸ್ಬನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಬೆಂಗಳೂರಿನ ತಂಡ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಕರೆದರೆ ಅಲ್ಲಿ ಬೇಸಿಗೆಯಲ್ಲಿ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಕೇಳಿದ ತಕ್ಷಣ ಎಲ್ಲರೂ ಅಯ್ಯೋ ಅನ್ನುತ್ತಾರೆ. ಆದರೆ ಆ ಕಡೆಯ ತುದಿ ನೋಡಿ. ಬೆಂಗಳೂರಿನಲ್ಲಿ ಸಂಜೆ ಆರೂವರೆಗೆ ಎಲ್ಲರೂ ಮನೆಗೆ ಹೊರಟಾಗ ಲಿಸ್ಬನ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಅಂದರೆ ಕೆಲಸ ಮುಗಿದ ಮೇಲೂ ಏಳು ಗಂಟೆ ಬೆಳಕು ಕೈಯಲ್ಲಿರುತ್ತದೆ. ಪ್ರತಿ ದಿನ! ಲಿಸ್ಬನ್‌ನವರೇ ಆಫೀಸಿನಿಂದ ಎದ್ದಿರುವುದಿಲ್ಲ. ನೀವು ಆಗಲೇ ಊರಾಚೆ.

ತೋಟದ ಮನೆಯಲ್ಲಿ ಬೆಳೆದವರಿಗೆ ನಸುಕಿಗೆ ಏಳುವುದು ಹೊಸದಲ್ಲ. ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿಯ ಹೂವಿಗೆ ನೀರು ಕೊಡುವಾಗ ಅಪ್ಪ ಕರೆಂಟು ಯಾವಾಗ ಬಂದರೆ ಆಗ ಎದ್ದು ಸ್ಪ್ರಿಂಕ್ಲರ್ ಪೈಪು ಬದಲಿಸಲು ಹೋಗುತ್ತಿದ್ದರು. ಟಾರ್ಚ್ ಹಿಡಿಯುವುದು ನನ್ನ ಕೆಲಸ. ಲಿಸ್ಬನ್‌ನಲ್ಲಿ ಕತ್ತಲಲ್ಲಿ ಎದ್ದು ಲ್ಯಾಪ್‌ಟಾಪ್ ತೆರೆಯುವಾಗ ನನಗೆ ಕಷ್ಟ ಅಂತ ಅನ್ನಿಸಲೇ ಇಲ್ಲ. ಎರಡು ಗಂಟೆಗೆ ಬಾಗಿಲು ಎಳೆದುಕೊಂಡು ಹೊರಟರೆ ಆಯಿತು.

ಹಾಗಾಗಿ ತಂಗಿಗೆ ಮೊದಲು ಹೇಳಿದ್ದು ಇದು. ಜನ ಸೇರುವ ಜಾಗಗಳನ್ನು ವಾರದ ನಡುವಿನ ಮಧ್ಯಾಹ್ನಗಳಿಗೆ ಇಟ್ಟುಕೋ. ಶನಿವಾರ ಭಾನುವಾರಗಳನ್ನು ಜನ ಹೋಗದ ಕಡೆಗೆ ಇಟ್ಟುಕೋ.

ಸಿಂತ್ರಾ ಅನ್ನುವ ಊರು ಇದೆ. ಲಿಸ್ಬನ್‌ನ ರೊಸಿಯೊ ಸ್ಟೇಷನ್ನಿನಿಂದ ರೈಲಿನಲ್ಲಿ ನಲವತ್ತು ನಿಮಿಷ. ಬೆಟ್ಟದ ಊರು, ಮೇಲಿಂದ ಮೇಲೆ ಅರಮನೆಗಳು. 1995ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅಟ್ಲಾಂಟಿಕ್ ಕಡಲಿನಿಂದ ಬರುವ ತೇವವನ್ನು ಆ ಬೆಟ್ಟ ಹಿಡಿದು ನಿಲ್ಲಿಸುತ್ತದೆ. ಲಿಸ್ಬನ್‌ನಲ್ಲಿ ಬಿಸಿಲು ಹೊಡೆಯುವಾಗ ಅಲ್ಲಿ ಮಂಜು. ಕಲ್ಲಿನ ಗೋಡೆಯ ಮೇಲೆ ಪಾಚಿ, ಸಂದಿಯಲ್ಲಿ ಜರಿಗಿಡ. ಮಡಿಕೇರಿಯ ಹಳೆ ಬೀದಿಯಲ್ಲಿ ನಿಂತ ಹಾಗೇ ಆಯಿತು ನನಗೆ. ಅಲ್ಲಿನ ರಸ್ತೆಗಳೂ ನಮ್ಮವೇ, ಸಪೂರ, ತಿರುವು ಜಾಸ್ತಿ. ಶನಿವಾರದ ಪಾಡೂ ನಮ್ಮದೇ. ಪೇನಾ ಅರಮನೆಗೆ ಇಂಥ ಹೊತ್ತಿಗೆ ಬರಬೇಕು ಅಂತ ಸಮಯ ಹಾಕಿದ ಟಿಕೆಟು. ಅರಮನೆಗೆ ಹತ್ತುವ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಕೆಳಗೇ ನಿಲ್ಲಿಸಿ ಬಸ್ಸು ಹಿಡಿಯಬೇಕು, ಇಲ್ಲ ನಡೆಯಬೇಕು. ನನಗೆ ಇದು ತುಂಬಾ ಸರಿ ಅನ್ನಿಸಿತು. ಅಬ್ಬಿ ಫಾಲ್ಸಿಗೂ ಇಂಥದ್ದೊಂದು ಬೇಕು ಅಂತ ಆಗಿನಿಂದ ಹೇಳುತ್ತಲೇ ಇದ್ದೇನೆ.

ಆದರೆ ಮಂಗಳವಾರ ನಾಲ್ಕು ಗಂಟೆಗೆ ಹೋಗಿ ನೋಡಿ. ಬೆಳಿಗ್ಗೆ ಬಂದ ಟೂರ್ ಬಸ್ಸುಗಳು ವಾಪಸ್ ಹೊರಟಿರುತ್ತವೆ. ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ನಾನು ಹಾಗೆ ಹೋದಾಗ ಪೇನಾ ಬಿಟ್ಟು ಇನ್ನೂ ಆಚೆ ಮೊನ್ಸೆರಾಟ್ ತೋಟಕ್ಕೆ ಬಸ್ಸು ಹತ್ತಿದೆ. ಫ್ರಾನ್ಸಿಸ್ ಕುಕ್ ಅನ್ನುವ ಇಂಗ್ಲಿಷ್ ಬಟ್ಟೆ ವ್ಯಾಪಾರಿ 19ನೇ ಶತಮಾನದಲ್ಲಿ ಕಟ್ಟಿಸಿದ ಮನೆ ಅದು. ದಾರಿಯ ನಡುವೆ ಒಂದು ಕಲ್ಲಿನ ಕಮಾನು ನಿಂತಿದೆ, ಮೈತುಂಬಾ ನಮ್ಮ ದೇಶದ ಕೆತ್ತನೆ. 1857ರ ದಂಗೆಯ ನಂತರ ಗವರ್ನರ್ ಜನರಲ್ ಕ್ಯಾನಿಂಗ್ ಕೈಯಿಂದ ಕುಕ್ ಕೊಂಡದ್ದಂತೆ. ಸುತ್ತಲೂ ಜರಿಗಿಡ, ಮೇಲೆ ದೊಡ್ಡ ಮರ, ನಡುವೆ ಈ ಕಮಾನು. ಯಾವ ಊರಿನ ಯಾರ ಮನೆ ಬಾಗಿಲಲ್ಲಿ ಇತ್ತೋ ಅಂತ ನಾನು ಅಲ್ಲೇ ತುಂಬಾ ಹೊತ್ತು ನಿಂತೆ. ಹಿಂದಿನಿಂದ ಯಾರೂ ಫೋಟೊಗೆ ಜಾಗ ಬಿಡಿ ಅನ್ನಲಿಲ್ಲ. ಶನಿವಾರ ಅದು ಆಗುತ್ತಿರಲಿಲ್ಲ.

ರೈಲಿನ ಬಗ್ಗೆ ಹೇಳಲೇಬೇಕು. ಕೊಡಗಿನಲ್ಲಿ ರೈಲು ಇಲ್ಲ. ರೈಲು ನೋಡಬೇಕು ಅಂದರೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕಿತ್ತು. ಹಾಗಾಗಿ ರೈಲು ಹತ್ತಿ ಸಂತೆಗೆ ಹೋಗಿ ಬರಬಹುದು ಅನ್ನುವುದೇ ನನಗೆ ದೊಡ್ಡ ಸಂಭ್ರಮ. ಲಿಸ್ಬನ್ನನ್ನೂ ಸೇರಿಸಿ ಆ ಸುತ್ತಿನ 18 ಪುರಸಭೆಗಳಿಗೆ 2019ರಿಂದ ಒಂದೇ ಪಾಸು ಇದೆ. ತಿಂಗಳಿಗೆ 40 ಯೂರೋ. ಮೆಟ್ರೊ, ಬಸ್ಸು, ಲೋಕಲ್ ರೈಲು, ತೇಜು ನದಿ ದಾಟುವ ದೋಣಿ, ಎಲ್ಲ ಅದರಲ್ಲೇ. ಸಿಂತ್ರಾ, ಕಡಲ ಬದಿಯ ಕಾಶ್ಕಾಯಿಶ್, ದಕ್ಷಿಣದ ಸೆತೂಬಲ್, ಎಲ್ಲ ಆ ಪಾಸಿನ ಒಳಗೆ ಬರುತ್ತವೆ. ಇನ್ನೂ ದೂರಕ್ಕೆ ಬೇಕಾದರೆ 2024ರ ಅಕ್ಟೋಬರಿನಿಂದ ರೈಲ್ವೆಯವರ ಹಸಿರು ಪಾಸು ಇದೆ, ತಿಂಗಳಿಗೆ 20 ಯೂರೋ. ಇಂಟರ್‌ಸಿಟಿ ರೈಲಿನ ಎರಡನೇ ದರ್ಜೆಗೂ ನಡೆಯುತ್ತದೆ. ಸೀಟು ಮಾತ್ರ ಮುಂಚೆಯೇ ಕಾಯ್ದಿರಿಸಬೇಕು. ಕಾರು ಬಾಡಿಗೆಗೆ ತೆಗೆಯಬೇಡ ಅಂತ ತಂಗಿಗೆ ಖಡಾಖಂಡಿತ ಹೇಳಿದ್ದೇನೆ. ಕಾರಿನಲ್ಲಿ ಹೋದರೆ ಪಾರ್ಕಿಂಗ್ ಸಿಗುವ ಜಾಗಕ್ಕೇ ಹೋಗುತ್ತೇವೆ. ರೈಲಿನಲ್ಲಿ ಹೋದರೆ ಜನ ಇಳಿಯುವ ಜಾಗಕ್ಕೆ ಹೋಗುತ್ತೇವೆ.

ಸ್ಟೇಷನ್ನಿನ ಕೌಂಟರಿನಲ್ಲಿ ನಿಂತು ಕುಡಿಯುವ ಸಣ್ಣ ಕಪ್ಪಿನ ಕಾಫಿಯನ್ನೂ ಬಿಡಬಾರದು. ಸಕ್ಕರೆ ಹಾಕದೆ ಒಂದು ಗುಟುಕು ಕುಡಿದರೆ ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ, ಇದರಲ್ಲಿ ರೊಬಸ್ಟಾ ಇದೆ ಅಂತ. ಪೋರ್ಚುಗೀಸರ ಕೈಯಲ್ಲಿದ್ದ ಅಂಗೋಲಾ ಒಂದು ಕಾಲದಲ್ಲಿ ಜಗತ್ತಿನ ದೊಡ್ಡ ಕಾಫಿ ದೇಶಗಳಲ್ಲಿ ಒಂದಾಗಿತ್ತು. ಬೆಳೆಯುತ್ತಿದ್ದದ್ದು ಹೆಚ್ಚಾಗಿ ರೊಬಸ್ಟಾ. ಆ ರುಚಿ ಅಲ್ಲಿ ಇನ್ನೂ ಉಳಿದಿದೆ. ಅರೇಬಿಕಾ ಮಾತ್ರ ಕಾಫಿ ಅನ್ನುವವರ ನಡುವೆ ರೊಬಸ್ಟಾ ಬೆಳೆಯುವ ಮನೆಯವಳಿಗೆ ಅದು ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲಾರೆ.

ಶನಿವಾರ ಬೆಳಿಗ್ಗೆಗೆ ಸೆತೂಬಲ್ ಚೆನ್ನ. ರೈಲು ತೇಜು ನದಿಯ ದೊಡ್ಡ ಸೇತುವೆಯ ಮೇಲೆ ಹೋಗುತ್ತದೆ. 1966ರಲ್ಲಿ ತೆರೆದಾಗ ಅದಕ್ಕೆ ಸರ್ವಾಧಿಕಾರಿ ಸಾಲಾಜಾರ್ ಹೆಸರಿತ್ತು. 1974ರ ಏಪ್ರಿಲ್ 25ರಂದು ಆ ಆಡಳಿತ ಬಿದ್ದ ಮೇಲೆ ಆ ದಿನದ ಹೆಸರನ್ನೇ ಸೇತುವೆಗೆ ಇಟ್ಟರು. ಸೆತೂಬಲ್ ಮೀನುಗಾರರ ಊರು, ಸಿಂತ್ರಾದ ಚೆಂದ ಅಲ್ಲಿಲ್ಲ. ಮೀನಿನ ಮಾರ್ಕೆಟ್ಟಿನ ಗೋಡೆಗೆ ನೀಲಿ ಟೈಲ್ಸು, ಕೆಳಗೆ ಐಸಿನ ಮೇಲೆ ಮತ್ತಿ, ಬಂಗುಡೆಯ ಜಾತಿಯವು, ಬೊಂಡಾಸು. ಶನಿವಾರ ಅಲ್ಲಿ ತುಂಬಿರುವವರು ಊರಿನವರೇ, ಚೀಲ ಹಿಡಿದು ಚೌಕಾಸಿ ಮಾಡುವವರು. ಮಧ್ಯಾಹ್ನಕ್ಕೆ ಹುರಿದ ಬೊಂಡಾಸಿನಂಥ ಮೀನು, ಅದು ಆ ಊರಿನ ಹೆಸರುವಾಸಿ ತಿಂಡಿ. ಅಲ್ಲಿಂದ ದೋಣಿ ಹತ್ತಿದರೆ ಆಚೆ ದಡದ ತ್ರೋಯಾ ಮರಳು. ಸಾದೊ ನದಿಯ ಬಾಯಲ್ಲಿ ಡಾಲ್ಫಿನ್‌ಗಳು ವರ್ಷವಿಡೀ ಇರುತ್ತವೆ. ಕಂಡರೆ ಅದೃಷ್ಟ.

ಬೆಲೆಂ ಲಿಸ್ಬನ್ ಊರೊಳಗೇ ಇದೆ, ಟ್ರಾಮಿನಲ್ಲಿ ಹೋದರೆ ಸಾಕು. ಅದನ್ನು ಪ್ರವಾಸ ಅನ್ನಲಾಗದು. ಆದರೆ ಕೊಡಗಿನವರು ಒಮ್ಮೆ ಹೋಗಬೇಕು. ಅಲ್ಲಿನ ಜೆರೊನಿಮೊಸ್ ಮಠವನ್ನು 1500ರ ದಶಕದ ಆರಂಭದಲ್ಲಿ ಕಟ್ಟಲು ತೊಡಗಿದರು. ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ನೂರಕ್ಕೆ ಐದರಷ್ಟು ತೆರಿಗೆ ಹಾಕಿ ಅದಕ್ಕೆ ದುಡ್ಡು ತಂದರು. ಆ ವ್ಯಾಪಾರದಲ್ಲಿ ಮುಖ್ಯವಾದದ್ದು ಮಲಬಾರಿನ ಕರಿಮೆಣಸು. ವಾಸ್ಕೋ ಡ ಗಾಮನ ಸಮಾಧಿಯೂ ಅಲ್ಲೇ. 1498ರಲ್ಲಿ ಅವನು ಬಂದದ್ದು ಕೋಳಿಕ್ಕೋಡಿಗೆ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದು ಕಣ್ಣೂರಿನಲ್ಲಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಬರುವ ಅದೇ ಕಣ್ಣೂರು. ಆ ಕಂಬಗಳ ನಡುವೆ ನಿಂತಾಗ ನನಗೆ ನಮ್ಮ ಮನೆಯ ಕಣದಲ್ಲಿ ಒಣಗಲು ಹಾಕಿದ ಮೆಣಸಿನ ಘಾಟು ಮೂಗಿಗೆ ಬಂದ ಹಾಗಾಯಿತು. ಕಾಳು ಬೆಳೆದವರ ಹೆಸರು ಅಲ್ಲಿ ಎಲ್ಲೂ ಇಲ್ಲ. ಅದು ನನಗೆ ನೋವು ತಂದಿತು, ಈಗಲೂ ತರುತ್ತದೆ.

ತೊಮಾರ್, ಒಬಿದೊಸ್, ನಜಾರೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ತೊಮಾರ್‌ಗೆ ರೈಲಿದೆ, ಕೋಟೆಯಂಥ ಮಠಕ್ಕಾಗಿ ಹೋಗಬಹುದು. ನಜಾರೆಯ ದೊಡ್ಡ ಅಲೆ ನೋಡಬೇಕಾದರೆ ಚಳಿಗಾಲದಲ್ಲಿ ಹೋಗಬೇಕು. ಒಬಿದೊಸ್ ಪುಟ್ಟ ಊರು, ಮಧ್ಯಾಹ್ನಕ್ಕೆ ಸಾಕು.

ನನ್ನ ಮನಸ್ಸು ನಿಂತದ್ದು ಎವೊರಾದಲ್ಲಿ. ಲಿಸ್ಬನ್‌ನಿಂದ ಪೂರ್ವಕ್ಕೆ ಇಂಟರ್‌ಸಿಟಿ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ದಿನಕ್ಕೆ ಕೆಲವೇ ರೈಲು, ಅದಕ್ಕೇ ಶುಕ್ರವಾರ ಕೆಲಸ ಮುಗಿಸಿ ನೇರ ಸ್ಟೇಷನ್ನಿಗೆ ಹೋಗಬೇಕು. ಅಲೆಂತೇಜು ಅನ್ನುವ ಆ ಬಯಲು ಸೀಮೆಗೆ ಎವೊರಾವೇ ದೊಡ್ಡ ಪೇಟೆ. ಊರ ನಡುವೆ ರೋಮನ್ನರ ಗುಡಿಯ ಕಂಬಗಳು, ಒಂದು ಚರ್ಚಿನ ಪಕ್ಕ ಗೋಡೆ ತುಂಬಾ ಮನುಷ್ಯರ ಎಲುಬು ಜೋಡಿಸಿದ ಕೋಣೆ. ಹಗಲು ಬಂದವರು ಇವೆರಡು ನೋಡಿ ಸಂಜೆ ಹಿಂದಿರುಗುತ್ತಾರೆ. ಎರಡು ರಾತ್ರಿ ಉಳಿದವರಿಗೆ ಊರಾಚೆಯ ಮರಗಳು ಸಿಗುತ್ತವೆ.

ಬಾಟಲಿಯ ಬಿರಡೆ ಮಾಡುವ ಕಾರ್ಕ್ ಓಕ್ ಮರಗಳು ಇವು. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದ್ದೇ. ಗುವಾದಲೂಪೆ ಅನ್ನುವ ಹಳ್ಳಿಯಿಂದ ಮಣ್ಣು ರಸ್ತೆಯಲ್ಲಿ ನಡೆಯುವಾಗ ಎರಡೂ ಬದಿಗೆ ಅವೇ. ನಾನು ಮೊದಲು ಗಾಬರಿಯಾದೆ. ಮರದ ಕಾಂಡ ಆಳೆತ್ತರದವರೆಗೆ ನುಣ್ಣಗೆ, ಕಡು ಕೆಂಪು ಕಂದು. ಅದರ ಮೇಲೆ ಇದ್ದಕ್ಕಿದ್ದ ಹಾಗೆ ದಪ್ಪ ಬೂದು ತೊಗಟೆ ಶುರು, ತೋಳು ಮಡಚಿದ ಅಂಗಿಯ ಹಾಗೆ. ಕತ್ತರಿಸಿದ ಅಂಚಿಗೆ ಬೆರಳಿಟ್ಟು ನೋಡಿದೆ. ಒಂದೂವರೆ ಇಂಚು ದಪ್ಪ, ಒತ್ತಿದರೆ ಸ್ವಲ್ಪ ಒಳಗೆ ಹೋಗಿ ಮತ್ತೆ ಬರುತ್ತದೆ. ಕೆಂಪು ಭಾಗದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ, 7. ಪಕ್ಕದ ಮರದಲ್ಲೂ 7. ಇನ್ನೊಂದು ಕಡೆ 9.

ತೊಗಟೆ ತೆಗೆದ ವರ್ಷದ ಕೊನೆಯ ಅಂಕಿ ಅದು. 7 ಅಂದರೆ 2017. ಕಾನೂನಿನ ಪ್ರಕಾರ ಮತ್ತೆ ಒಂಬತ್ತು ವರ್ಷ ಆ ಮರವನ್ನು ಮುಟ್ಟುವಂತಿಲ್ಲ. ಸಸಿ ನೆಟ್ಟು ಸುಮಾರು 25 ವರ್ಷಕ್ಕೆ ಮೊದಲ ಸಲ ತೊಗಟೆ ತೆಗೆಯುತ್ತಾರೆ. ಅದು ಒರಟು, ಬಿರಡೆಗೆ ಆಗುವುದಿಲ್ಲ. ಎರಡನೆಯದೂ ಅಷ್ಟಕ್ಕಷ್ಟೇ. ಮೂರನೆಯ ಸಲಕ್ಕೆ ಒಳ್ಳೆಯ ಕಾರ್ಕ್, ಅಷ್ಟರಲ್ಲಿ ಮರಕ್ಕೆ ನಲವತ್ತು ದಾಟಿರುತ್ತದೆ. ನೆಟ್ಟವರು ಮಕ್ಕಳಿಗಾಗಿಯೇ ನೆಡಬೇಕು. ತೆಗೆಯುವುದು ಬೇಸಿಗೆಯಲ್ಲಿ, ಕೊಡಲಿಯಲ್ಲೇ. ಒಳಗಿನ ಪದರಕ್ಕೆ ಏಟು ಬಿದ್ದರೆ ಮರ ಕೆಡುತ್ತದೆ. ಹಾಗಾಗಿ ಪಳಗಿದ ಕೈಗಳೇ ಬೇಕು, ಆ ದೇಶದ ತೋಟದ ಕೂಲಿಯಲ್ಲಿ ಇದಕ್ಕೆ ಒಳ್ಳೆಯ ಸಂಬಳ.

ಅವತ್ತು ಸಂಜೆ ಮನೆಗೆ ಫೋನು ಮಾಡಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ನಮ್ಮಲ್ಲಿ ಮರಗಸಿ ಮಾಡುವವರು, ಅಂದರೆ ತೋಟದ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವರು, ಬಿದಿರಿನ ಏಣಿ ಹಾಕಿ ಸಿಲ್ವರ್ ಮರದ ತುದಿಯಿಂದ ಮೆಣಸು ಕುಯ್ಯುವವರು ಈಗ ಸಿಗುವುದು ಕಷ್ಟ. ಅಪ್ಪ ಮೊದಲು ಕೇಳಿದ್ದು ಕೂಲಿ ಎಷ್ಟು ಅಂತ. ಆಮೇಲೆ ಕೇಳಿದ್ದು, "ಆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದಾ?" ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ತೆಗೆಯುವ ಮರಕ್ಕೆ ಬಳ್ಳಿ ಹೇಗೆ ಹಬ್ಬಿಸೋದು ಅಂದೆ. "ಹೌದಲ್ಲ," ಅಂದವರು ಸ್ವಲ್ಪ ಹೊತ್ತು ಅದನ್ನೇ ಯೋಚಿಸಿದರು. ಆ ಫೋನಿನ ಮಾತು ನನಗೆ ಆ ಪ್ರವಾಸದ ಭಾಗವೇ. ನೋಡಿದ್ದನ್ನು ಗೊತ್ತಿರುವವರ ಹತ್ತಿರ ಹೇಳಿದಾಗಲೇ ಅದು ಪೂರ್ತಿ ಕಂಡದ್ದು.

ಅದೇ ಮರಗಳ ಕೆಳಗೆ ಕಪ್ಪು ಹಂದಿಗಳು ಮೇಯುತ್ತವೆ. ಚಳಿಗಾಲಕ್ಕೆ ಉದುರುವ ಓಕ್ ಕಾಯಿ ತಿಂದು ಕೊಬ್ಬುತ್ತವೆ. ಆ ಮಾಂಸಕ್ಕೆ ಅಲೆಂತೇಜು ಹೆಸರುವಾಸಿ. ಪಂದಿ ಕರಿ ತಿಂದು ಬೆಳೆದವರಿಗೆ ಯುರೋಪಿನಲ್ಲಿ ಇದಕ್ಕಿಂತ ಹತ್ತಿರದ ಊಟ ಸಿಗಲಿಕ್ಕಿಲ್ಲ. ಬೆಳ್ಳುಳ್ಳಿ, ಬಿಳಿ ವೈನಿನಲ್ಲಿ ನೆನೆಸಿದ ಹಂದಿ ಮಾಂಸಕ್ಕೆ ಕಪ್ಪೆಚಿಪ್ಪು ಸೇರಿಸಿ ಮಾಡುವ ಒಂದು ಪದಾರ್ಥ ಇದೆ, ಮೇಲೆ ಕೊತ್ತಂಬರಿ ಸೊಪ್ಪು. ಹುಳಿಗೆ ಏನು ಹಾಕುತ್ತಾರೆ ಅಂತ ಅವ್ವ ಕೇಳಿದಳು. ವೈನ್ ಅಂದೆ. "ಕಾಚಂಪುಳಿ ಇಲ್ಲದೆ ಹಂದಿ ಕರಿ ಹೇಗೆ ಕಪ್ಪಾಗುತ್ತೆ?" ಅಂದಳು. ಕಪ್ಪಾಗುವುದಿಲ್ಲ. ಆದರೂ ಚೆನ್ನಾಗಿರುತ್ತದೆ.

ಆ ಮಣ್ಣು ರಸ್ತೆಯ ಕೊನೆಗೆ ಅಲ್ಮೆಂದ್ರೆಸ್ ಕಲ್ಲುಗಳಿವೆ. ಇಳಿಜಾರಿನಲ್ಲಿ ದುಂಡು ದುಂಡಾದ ತೊಂಬತ್ತಕ್ಕೂ ಹೆಚ್ಚು ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಸುಮಾರು 7000 ವರ್ಷ ಹಳೆಯವು, ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗಿಂತ ಎಷ್ಟೋ ಹಿಂದಿನವು. ಹೊರಗಿನವರಿಗೆ ಗೊತ್ತಾದದ್ದು 1960ರ ದಶಕದಲ್ಲಿ. ನಾನು ಹೋದಾಗ ಬೇಲಿ ಇರಲಿಲ್ಲ, ಟಿಕೆಟ್ ಇರಲಿಲ್ಲ. ಸೋಮವಾರಪೇಟೆಯ ಹತ್ತಿರ ದೊಡ್ಡಮಳ್ತೆಯಲ್ಲೂ ಹಳೆಯ ಕಾಲದ ಕಲ್ಲಿನ ಗೋರಿಗಳಿವೆ. ಶಾಲೆಯಲ್ಲಿದ್ದಾಗ ನಮ್ಮನ್ನು ಅಲ್ಲಿಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಊರಿಗೆ ಬಂದ ಮೇಲೆ ನಾನೇ ಹೋಗಿ ನೋಡಿದೆ. ಮಡಿಕೇರಿಗೆ ಬರುವ ಕಾರುಗಳಲ್ಲಿ ನಾಲ್ಕಾದರೂ ಆ ಕಡೆ ತಿರುಗಿದರೆ ಸೋಮವಾರಪೇಟೆಯ ಹೋಟೆಲಿನವರಿಗೆ ಎಷ್ಟು ಉಪಕಾರ ಆಗುತ್ತಿತ್ತು ಅಂತ ಅನ್ನಿಸಿತು.

ಎವೊರಾಕ್ಕೆ ಜುಲೈ, ಆಗಸ್ಟಿನಲ್ಲಿ ಮಾತ್ರ ಹೋಗಬೇಡಿ. ನಲವತ್ತು ಡಿಗ್ರಿ ದಾಟುವುದೂ ಉಂಟು. ಅಲ್ಲಿ ಮಳೆ ಬರುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ, ಬೇಸಿಗೆ ಪೂರ್ತಿ ಒಣ. ಇಲ್ಲಿ ಕಕ್ಕಡ ತಿಂಗಳ ಮಳೆಯಲ್ಲಿ ಅವ್ವ ಮದ್ದು ಸೊಪ್ಪಿನ ಪಾಯಸ ಮಾಡುವಾಗ ಅಲ್ಲಿ ಹುಲ್ಲೆಲ್ಲ ಹಳದಿಯಾಗಿ ಸುಟ್ಟಿರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಹೋದರೆ ಮರದ ಕೆಳಗೆಲ್ಲ ಹೂವು.

ಇನ್ನೊಂದು ಮಾತು ತಂಗಿಗೆ ಹೇಳುವಾಗ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಲಿಸ್ಬನ್‌ನಲ್ಲಿ ಬಾಡಿಗೆ ಏರಿ ಏರಿ ಊರಿನವರಿಗೇ ಮನೆ ಸಿಗದ ಹಾಗಾಗಿದೆ. 2023ರಲ್ಲಿ ಸಾವಿರಾರು ಜನ ಬೀದಿಗಿಳಿದರು. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟ ಮನೆಗಳು, ನಮ್ಮಂಥ ಹೊರಗಿನ ಸಂಬಳದವರು, ಎರಡೂ ಅದರ ಕಾರಣಗಳಲ್ಲಿ ಸೇರಿವೆ. ಮಡಿಕೇರಿಯಲ್ಲಿ ಬಾಡಿಗೆ ಮನೆ ಹುಡುಕಿದ ಮೇಷ್ಟರನ್ನೋ ನರ್ಸನ್ನೋ ಕೇಳಿ, ಇದು ಹೇಗಿರುತ್ತದೆ ಅಂತ ಹೇಳುತ್ತಾರೆ. ಹಾಗಾಗಿ ವಾರಕ್ಕೊಂದು ಊರು ಅಂತ ದಿನಬಾಡಿಗೆ ಮನೆಗಳಲ್ಲಿ ಉಳಿಯಬೇಡ, ಊರಿನವರು ನಡೆಸುವ ಲಾಡ್ಜು ಹುಡುಕು. ಒಂದೇ ಊರಿಗೆ ಮತ್ತೆ ಮತ್ತೆ ಹೋಗು. ಎವೊರಾದಲ್ಲಿ ನಾನು ಉಳಿಯುತ್ತಿದ್ದ ಲಾಡ್ಜಿನ ಅಜ್ಜಿ ಕೆಲವು ಸಲ ಹೋದ ಮೇಲೆ ಕೇಳದೆಯೇ ಬೆಳಗಿನ ತಿಂಡಿಯನ್ನು ರಾತ್ರಿಯೇ ಕಟ್ಟಿಡುತ್ತಿದ್ದರು. ನಾನು ನಸುಕಿಗೆ ಏಳುವವಳು ಅಂತ ಅವರಿಗೆ ಗೊತ್ತಾಗಿತ್ತು. ಪಟ್ಟಿ ಹಿಡಿದು ಓಡುವವರಿಗೆ ಆ ತಿಂಡಿ ಸಿಗುವುದಿಲ್ಲ.

ತಂಗಿ ಹೊರಡುವುದು ಪುತ್ತರಿ ಹಬ್ಬ ಮುಗಿದ ಮೇಲೆ, ಜನವರಿಯಲ್ಲಿ. ಅಲ್ಲಿ ಆಗ ಚಳಿ, ಮಳೆ, ಹಂದಿಗಳು ಮರದ ಕೆಳಗೆ ಮೇಯುವ ಕಾಲ. ಮೊದಲ ತಿಂಗಳು ಎಲ್ಲಿಗೂ ಹೋಗಬೇಡ, ಪಾಸು ಮಾಡಿಸಿಕೊಂಡು ಊರೊಳಗೇ ಸುತ್ತು ಅಂದಿದ್ದೇನೆ. ಆಮೇಲೆ ಒಂದು ಶುಕ್ರವಾರ ಎವೊರಾ ರೈಲಿಗೆ ಸೀಟು ಮಾಡಿಸುತ್ತಾಳಂತೆ. ಭಾನುವಾರ ಸಂಜೆಯೇ ಹಿಂದಿರುಗಬೇಕು, ಸೋಮವಾರ ಅವಳ ಮೀಟಿಂಗು ಅಲ್ಲಿನ ನಾಲ್ಕೂವರೆಗೆ. ಆ 7 ಬರೆದ ಮರಗಳ ತೊಗಟೆ ಮತ್ತೆ ತೆಗೆದರಾ, ಈಗ ಯಾವ ಅಂಕಿ ಬರೆದಿದ್ದಾರೆ ಅಂತ ನೋಡಿ ಫೋಟೊ ಕಳಿಸಲು ಅಪ್ಪ ಹೇಳಿದ್ದಾರೆ. ಕೂಲಿ ಎಷ್ಟು ಅಂತಲೂ ಕೇಳಿಕೊಂಡು ಬರಬೇಕಂತೆ.